ಟೆಕ್ಸಾಸ್‌ನ ಫ್ರಿಸ್ಕೋ ಮನೆಗೆ ವೆದರ್ ಅಲರ್ಟ್ ರೇಡಿಯೋ: ಯಾವುದು ಕೊಳ್ಳುವುದು?

ಫ್ರಿಸ್ಕೋ_ಪೂರ್ವ:
ಎರಡು ಅಂತಸ್ತಿನ ಮನೆ, ಬೇಸ್‌ಮೆಂಟ್ ಇಲ್ಲ. ಟಾರ್ನೇಡೋ (ಭಾರೀ ಸುಂಟರಗಾಳಿ) ವಾರ್ನಿಂಗ್ ಬಂದರೆ ಕೆಳಗಿನ ಮೆಟ್ಟಿಲಡಿಯ ಕ್ಲೋಸೆಟ್ಟೇ ಗತಿ. ಮಾರ್ಚ್‌ನಿಂದ ಅಪ್ಪ ಅಮ್ಮ ದಾವಣಗೆರೆಯಿಂದ ಬಂದು ಆರು ತಿಂಗಳು ಇರುತ್ತಾರೆ. ಹಗಲು ಮನೆಯಲ್ಲಿ ಅವರಿಬ್ಬರೇ. ಕರೆಂಟ್ ಹೋದರೂ ನಡೆಯುವ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ರೇಡಿಯೋ ಬೇಕು. ಹ್ಯಾಂಡಲ್ ತಿರುಗಿಸಿ, ಬಿಸಿಲಿಗಿಟ್ಟು ಚಾರ್ಜ್ ಮಾಡುವ ಸೆಟ್‌ಗಳೇ ಎಲ್ಲ ಕಡೆ ಕಾಣುತ್ತಿವೆ. ಕೆಲವದರ ಮೇಲೆ 'ವೆದರ್ ಅಲರ್ಟ್' ಎಂದಿದೆ, ಕೆಲವದರ ಮೇಲೆ 'ಸೇಮ್' ಎಂದಿದೆ. ಎರಡಕ್ಕೂ ಏನು ವ್ಯತ್ಯಾಸ? ಖರ್ಚು ನೂರು ಡಾಲರ್ ಒಳಗೆ ಇರಲಿ. ವಾಪಸ್ ಹೋಗುವಾಗ ಅದನ್ನು ಊರಿಗೆ ಕಳಿಸಿದರೆ ಅಲ್ಲಿ ಉಪಯೋಗವಾಗುತ್ತದೆಯೇ?

ಗುಡುಗು162:
ನಿಮ್ಮ ಪ್ರಶ್ನೆಯಲ್ಲಿ ತೂಕದ್ದು ಸೇಮ್ ವಿಚಾರ, ಅದನ್ನೇ ಮೊದಲು ನೋಡೋಣ.

ಅಮೆರಿಕ ಸರ್ಕಾರದ ಹವಾಮಾನ ಪ್ರಸಾರವಾದ ನೋವಾ ವೆದರ್ ರೇಡಿಯೋ ಪ್ರಸಾರ ಆಗುವುದು ಏಳೇ ಫ್ರೀಕ್ವೆನ್ಸಿಗಳಲ್ಲಿ, 162.400ರಿಂದ 162.550 ಮೆಗಾಹರ್ಟ್ಸ್‌ವರೆಗೆ. ಒಂದೊಂದು ಸ್ಟೇಷನ್ ಅನೇಕ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಪ್ರಸಾರ ಮಾಡುತ್ತದೆ. ಎಚ್ಚರಿಕೆ ಹೊರಟಾಗ ಮೊದಲು ಗರಗರ ಸದ್ದಿನಂಥ ಡಿಜಿಟಲ್ ಸಂಕೇತ ಮೂರು ಸಲ, ಆಮೇಲೆ 1050 ಹರ್ಟ್ಸ್‌ನ ಉದ್ದ ಸ್ವರ ಎಂಟು ಹತ್ತು ಸೆಕೆಂಡ್, ಆಮೇಲೆ ಮಾತು. ಬರೀ 'ವೆದರ್ ಅಲರ್ಟ್' ಎಂದಿರುವ ಸೆಟ್ ಆ 1050 ಸ್ವರಕ್ಕೆ ಮಾತ್ರ ಎಚ್ಚರವಾಗುತ್ತದೆ. ಯಾವ ಕೌಂಟಿಗೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಎಷ್ಟೋ ಮೈಲಿ ಆಚೆಯ ಕೌಂಟಿಗೆ ಗುಡುಗುಮಳೆ ಬಂದರೂ ರಾತ್ರಿ ಎರಡಕ್ಕೆ ಕಿರುಚುತ್ತದೆ. ಏಪ್ರಿಲ್‌ನಲ್ಲಿ ಒಂದು ವಾರ ಹೀಗಾದರೆ ಯಾರೇ ಆಗಲಿ ಅಲರ್ಟ್ ಆಫ್ ಮಾಡಿಬಿಡುತ್ತಾರೆ. ಆಮೇಲೆ ಆ ರೇಡಿಯೋ ಇದ್ದೂ ಇಲ್ಲದ ಹಾಗೆ. ಸೇಮ್ ಇರುವ ಸೆಟ್ ಆ ಡಿಜಿಟಲ್ ಸಂಕೇತವನ್ನು ಓದಿ, ನೀವು ಹಾಕಿಟ್ಟ ಕೌಂಟಿಯ ಕೋಡ್ ಅದರಲ್ಲಿದ್ದರೆ ಮಾತ್ರ ಕೂಗುತ್ತದೆ.

ಹ್ಯಾಂಡಲ್ ತಿರುಗಿಸುವ ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಸೇಮ್ ಇಲ್ಲ. ಮಿಡ್‌ಲ್ಯಾಂಡ್ ಇ.ಆರ್.310ನಲ್ಲೂ ಇಲ್ಲ. ಆದ್ದರಿಂದ ನನ್ನ ಸಲಹೆ: ನೂರು ಡಾಲರಿನಲ್ಲಿ ಒಂದೇ ಸೆಟ್ ಹುಡುಕಬೇಡಿ, ಎರಡು ಕೊಳ್ಳಿ. ಮಲಗುವ ಕೋಣೆಗೆ ಮಿಡ್‌ಲ್ಯಾಂಡ್ ಡಬ್ಲ್ಯು.ಆರ್.120ರಂಥ, ಪ್ಲಗ್‌ಗೆ ಹಾಕಿಡುವ ಸೇಮ್ ಸೆಟ್. ಬ್ಯಾಕಪ್‌ಗೆ ಮೂರು ಡಬಲ್-ಎ ಸೆಲ್ ಹಿಡಿಯುತ್ತದೆ, 25 ಕೌಂಟಿಗಳನ್ನು ಹಾಕಬಹುದು. ಕ್ಲೋಸೆಟ್ಟಿಗೆ ಒಯ್ಯುವ ತುರ್ತು ಚೀಲಕ್ಕೆ ಇನ್ನೊಂದು, ಸಾದಾ ಪೋರ್ಟಬಲ್. ಒಂದೇ ಸಾಕು ಎಂದರೆ ಮಿಡ್‌ಲ್ಯಾಂಡ್ ಎಚ್.ಎಚ್.54ರಂಥ ಕೈಸೆಟ್ ನೋಡಿ, ಅದರಲ್ಲಿ ಸೇಮ್ ಇದೆ. ಪೆಟ್ಟಿಗೆಯ ಮೇಲೆ 'ಪಬ್ಲಿಕ್ ಅಲರ್ಟ್' ಗುರುತು ಇದ್ದರೆ ಇನ್ನೂ ಒಳ್ಳೆಯದು.

ಫೋನ್ ಸಾಕಲ್ಲವೇ ಎಂದು ಯಾರಾದರೂ ಹೇಳಬಹುದು. ಟಾರ್ನೇಡೋ ವಾರ್ನಿಂಗ್ ಫೋನಿಗೂ ಬರುತ್ತದೆ, ನಿಜ. ಆದರೆ ಗುಡುಗುಮಳೆ ವಾರ್ನಿಂಗ್ ಫೋನಿಗೆ ಬರಬೇಕಾದರೆ ಗಾಳಿ ಗಂಟೆಗೆ 80 ಮೈಲಿ ಅಥವಾ ಆಲಿಕಲ್ಲು 2.75 ಇಂಚು ಮುಟ್ಟುವ ಅಂದಾಜಿರಬೇಕು. ರೇಡಿಯೋಗೆ 58 ಮೈಲಿ, ಒಂದು ಇಂಚಿಗೇ ಬರುತ್ತದೆ. ಊರಿನ ಸೈರನ್ ಇರುವುದು ಮನೆಯ ಹೊರಗಿರುವವರಿಗಾಗಿ. ಎ.ಸಿ. ಹಾಕಿ ಮಲಗಿದವರಿಗೆ ಕೇಳಿಸುತ್ತದೆಂದು ನಂಬಬೇಡಿ. ಡಲ್ಲಾಸ್ ಪಕ್ಕದ ಗಾರ್ಲೆಂಡ್, ರೌಲೆಟ್ ಕಡೆ 2015ರ ಡಿಸೆಂಬರ್ 26ರಂದು ಬಂದ ಟಾರ್ನೇಡೋ, ಉತ್ತರ ಡಲ್ಲಾಸ್‌ಗೆ 2019ರ ಅಕ್ಟೋಬರ್ 20ರಂದು ಬಂದದ್ದು, ಎರಡೂ ಕತ್ತಲಾದ ಮೇಲೆ. ತಿಂಗಳುಗಳನ್ನೂ ಗಮನಿಸಿ. ಮೇ ಮುಗಿಯಿತೆಂದು ರೇಡಿಯೋ ಎತ್ತಿಡುವ ಹಾಗಿಲ್ಲ.

ನಾಲ್ಕುಮೀಟರ್_ತಂತಿ:
ಹ್ಯಾಂಡಲ್, ಸೋಲಾರ್ ಬಗ್ಗೆ ಲೆಕ್ಕ ಹಾಕಿ ನೋಡೋಣ. ಅದು ಕೊನೆಯ ಆಸರೆ, ದಿನನಿತ್ಯದ ಚಾರ್ಜರ್ ಅಲ್ಲ. ಕೈಯಿಂದ ಒಂದು ವಾಟ್ ಸಿಗುತ್ತದೆ ಎಂದುಕೊಳ್ಳಿ. ಹತ್ತು ನಿಮಿಷ ಬಿಡದೆ ತಿರುಗಿಸಿದರೆ 0.17 ವಾಟ್-ಅವರ್. 4000 ಎಂ.ಎ.ಎಚ್. ಫೋನ್ ತುಂಬಲು ಸುಮಾರು 15 ವಾಟ್-ಅವರ್ ಬೇಕು. ಅಂದರೆ ಶೇಕಡಾ ಒಂದರಷ್ಟು. ರೇಡಿಯೋ ಕೇಳಲು ಅಷ್ಟು ಸಾಕು, ಫೋನಿಗೆ ಸಾಲದು. ಸೆಟ್ ಮೇಲಿನ ಸೋಲಾರ್ ತುಂಡೂ ಅಂಗೈ ಅಗಲದ್ದು, ಬ್ಯಾಟರಿ ಪೂರ್ತಿ ಇಳಿಯದಂತೆ ತಡೆಯುತ್ತದೆ ಅಷ್ಟೇ. ಫೋನಿಗೆ ಬೇರೆ ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಚೀಲದ ಸೆಟ್‌ನಲ್ಲಿ ಒಳಗಿನ ಲಿಥಿಯಂ ಬ್ಯಾಟರಿಯ ಜೊತೆಗೆ ಡಬಲ್-ಎ ಸೆಲ್ ಹಾಕುವ ಜಾಗವೂ ಇರುವುದನ್ನೇ ಆರಿಸಿ. ಒಳಗಿನ ಬ್ಯಾಟರಿ ವರ್ಷಗಟ್ಟಲೆ ಮೂಲೆಯಲ್ಲಿದ್ದು ಸತ್ತರೂ ಅಂಗಡಿಯ ಸೆಲ್ ಹಾಕಿ ನಡೆಸಬಹುದು. ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಟೆಕ್ಸಾಸ್ ಬೇಸಿಗೆಯಲ್ಲಿ ಕಾರಿನಲ್ಲಿ ಬಿಡಬೇಡಿ, ಆ ಕಾವಿಗೆ ಲಿಥಿಯಂ ಬ್ಯಾಟರಿ ಬೇಗ ಹಾಳಾಗುತ್ತದೆ.

ಮೇಜಿನ ಸೆಟ್‌ನ ಆಲ್ಕಲೈನ್ ಸೆಲ್‌ಗಳನ್ನು ವರ್ಷಕ್ಕೆ ಎರಡು ಸಲ, ಗಡಿಯಾರದ ಸಮಯವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುವ ದಿನವೇ ಬದಲಿಸಿ. ಮರೆತರೆ ಸೋರಿ, ಬಿಳಿ ಪುಡಿ ಕಟ್ಟಿ ಸ್ಪ್ರಿಂಗ್ ತಿಂದುಬಿಡುತ್ತದೆ. ಆಗ ಕರೆಂಟ್ ಹೋದ ಕ್ಷಣಕ್ಕೆ ಸೆಟ್ ಕಣ್ಣುಮುಚ್ಚುತ್ತದೆ, ನಿಮಗೆ ಬೇಕಾಗುವುದೂ ಅದೇ ಕ್ಷಣದಲ್ಲಿ. ರೀಚಾರ್ಜ್ ಸೆಲ್ 1.2 ವೋಲ್ಟ್, ಮೂರಕ್ಕೆ 3.6 ಮಾತ್ರ. ಆಲ್ಕಲೈನ್‌ನ 4.5ಕ್ಕೆ ಹೊಂದಿಸಿದ ಸೆಟ್ 'ಬ್ಯಾಟರಿ ಕಡಿಮೆ' ಎಂದು ಬೇಗ ಹೇಳತೊಡಗುತ್ತದೆ.

ಇನ್ನು ಆಂಟೆನಾ. ಈ ಫ್ರೀಕ್ವೆನ್ಸಿಯ ಕಾಲು ಅಲೆಯ ಉದ್ದ ಸುಮಾರು 46 ಸೆಂಟಿಮೀಟರ್. ಟೆಲಿಸ್ಕೋಪಿಕ್ ಕಡ್ಡಿಯನ್ನು ಅಷ್ಟು ಎಳೆದು, ನೆಟ್ಟಗೆ ನಿಲ್ಲಿಸಿ. ಪೂರ್ತಿ ಎಳೆದರೆ ಹೆಚ್ಚು ಸಿಗುತ್ತದೆ ಎಂಬುದೇನಿಲ್ಲ. ಫ್ರಿಸ್ಕೋಗೆ ಡಲ್ಲಾಸ್ ಸ್ಟೇಷನ್ ದಕ್ಷಿಣದಲ್ಲಿದೆ, ಆದ್ದರಿಂದ ದಕ್ಷಿಣದ ಕಿಟಕಿಯ ಬಳಿ ಮೊದಲು ಪರೀಕ್ಷಿಸಿ. ಹೊಸ ಮನೆಗಳ ಕಿಟಕಿ ಗಾಜಿಗೆ ಲೋಹದ ತೆಳು ಲೇಪ, ಅಟ್ಟದ ಹಲಗೆಗೆ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಎರಡೂ ಸಿಗ್ನಲ್ ತಡೆಯುತ್ತವೆ. ಅಗ್ಗದ ಯು.ಎಸ್.ಬಿ. ಚಾರ್ಜರ್, ಎಲ್.ಇ.ಡಿ. ದೀಪದ ಪಕ್ಕ ಇಟ್ಟರೆ ಬುಸುಗುಟ್ಟುತ್ತದೆ. ಎರಡಡಿ ಜರುಗಿಸಿ ನೋಡಿ. ಮೆಟ್ಟಿಲಡಿಯ ಕ್ಲೋಸೆಟ್‌ನಲ್ಲಿ ಬಾಗಿಲು ಹಾಕಿಕೊಂಡು ಮಾತು ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂದು ಬಿಸಿಲಿರುವ ದಿನವೇ ತಿಳಿದುಕೊಳ್ಳಿ.

ಫ್ರಿಸ್ಕೋ_ಪೂರ್ವ:
ಉಪಕಾರವಾಯಿತು. ಎರಡು ಸೆಟ್ ಮಾತು ಒಪ್ಪಿಗೆ. ಕೋಡ್ ಹಾಕುವುದು ಹೇಗೆ? ಆಟೋ ಸ್ಕ್ಯಾನ್ ಹಿಡಿದ ಸ್ಟೇಷನ್ನನ್ನೇ ಇಟ್ಟುಕೊಂಡರೆ ಸಾಕೇ?

ಗುಡುಗು162:
ಸಾಲದು. ಹೆಚ್ಚಿನವರು ಎಡವುವುದೇ ಅಲ್ಲಿ. ಸ್ಕ್ಯಾನ್ ಹಿಡಿಯುವುದು ಜೋರಾಗಿ ಕೇಳುವ ಸ್ಟೇಷನ್ನನ್ನು, ನಿಮ್ಮ ಕೌಂಟಿಯ ಎಚ್ಚರಿಕೆ ಕಳಿಸುವ ಸ್ಟೇಷನ್ನನ್ನು ಅಲ್ಲ. ನ್ಯಾಷನಲ್ ವೆದರ್ ಸರ್ವಿಸ್‌ನ ತಾಣದಲ್ಲಿ ಕೌಂಟಿ ಪಟ್ಟಿ ತೆಗೆದು, ನಿಮ್ಮ ಕೌಂಟಿಯ ಎದುರು ಯಾವ ಸ್ಟೇಷನ್ ಇದೆ ನೋಡಿ. ನಿಮಗೆ ಡಲ್ಲಾಸ್‌ನ ಕೆ.ಇ.ಸಿ.56, 162.400. ಫೋರ್ಟ್‌ವರ್ತ್‌ನದು 162.550.

ಕೋಡ್ ಆರು ಅಂಕಿ. ಮೊದಲ 0 ಎಂದರೆ ಇಡೀ ಕೌಂಟಿ, ಮುಂದಿನ 48 ಟೆಕ್ಸಾಸ್, ಉಳಿದ ಮೂರು ಕೌಂಟಿ. ಫ್ರಿಸ್ಕೋ ಎರಡು ಕೌಂಟಿಯಲ್ಲಿ ಹರಡಿದೆ, ಪೂರ್ವ ಭಾಗ ಕಾಲಿನ್, ಪಶ್ಚಿಮ ಭಾಗ ಡೆಂಟನ್. ನಿಮ್ಮ ಮನೆ ಪೂರ್ವದಲ್ಲಿದ್ದರೂ ಎರಡನ್ನೂ ಹಾಕಿ: ಕಾಲಿನ್ 048085, ಡೆಂಟನ್ 048121. ಬಿರುಗಾಳಿ ಸಾಮಾನ್ಯವಾಗಿ ಪಶ್ಚಿಮ, ನೈರುತ್ಯದಿಂದ ಬರುತ್ತದೆ, ಹಾಗಾಗಿ ಡೆಂಟನ್ ಕೂಗಿದರೆ ನಿಮಗೆ ಸ್ವಲ್ಪ ಹೊತ್ತು ಸಿಗುತ್ತದೆ. ಡಲ್ಲಾಸ್ 048113, ಟ್ಯಾರಂಟ್ 048439 ಎಲ್ಲವನ್ನೂ ಸೇರಿಸುತ್ತ ಹೋಗಬೇಡಿ. ಮತ್ತೆ ಸೇಮ್ ಇಲ್ಲದ ಸೆಟ್‌ನ ಕಥೆಯೇ ಆಗುತ್ತದೆ.

ಡಬ್ಲ್ಯು.ಆರ್.120ರಲ್ಲಿ ಮೆನುವಿನ ಸೇಮ್ ವಿಭಾಗಕ್ಕೆ ಹೋಗಿ. ಎನಿ, ಸಿಂಗಲ್, ಮಲ್ಟಿಪಲ್ ಎಂದು ಮೂರು ಬರುತ್ತವೆ. 'ಎನಿ' ಬಿಟ್ಟರೆ ಎಲ್ಲ ಕೌಂಟಿಗೂ ಕೂಗುತ್ತದೆ. 'ಮಲ್ಟಿಪಲ್' ಆರಿಸಿ ಎರಡು ಕೋಡ್ ಹಾಕಿ. ಆಮೇಲೆ ಅಲರ್ಟ್ ಬಗೆ 'ಟೋನ್' ಅಥವಾ 'ವಾಯ್ಸ್' ಇರಲಿ. 'ಡಿಸ್‌ಪ್ಲೇ' ಇಟ್ಟರೆ ಬರೀ ದೀಪ, ರಾತ್ರಿ ಪ್ರಯೋಜನವಿಲ್ಲ.

ಪ್ರತಿ ಬುಧವಾರ, ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಂಚೆ, ಟೆಸ್ಟ್ ಬರುತ್ತದೆ. ಹವೆ ಕೆಟ್ಟಿದ್ದರೆ ಮುಂದೂಡುತ್ತಾರೆ. ಆ ದಿನ ಸಂಜೆ ಪರದೆಯಲ್ಲಿ ಟೆಸ್ಟ್ ದಾಖಲಾಗಿದೆಯೇ ನೋಡಿ. ದಾಖಲಾಗಿದ್ದರೆ ಸ್ಟೇಷನ್, ಕೋಡ್, ಆಂಟೆನಾ ಮೂರೂ ಸರಿ ಇವೆ. ಎರಡು ವಾರ ಬರದಿದ್ದರೆ ಈ ಮೂರರಲ್ಲಿ ಒಂದು ತಪ್ಪಿದೆ.

ಒಂದು ಮಿತಿ ಮಾತ್ರ ಉಳಿಯುತ್ತದೆ. 2007ರಿಂದ ವಾರ್ನಿಂಗ್ ಕೊಡುವುದು ನಕಾಶೆಯ ಮೇಲೆ ಗೆರೆ ಎಳೆದ ಭಾಗಕ್ಕೆ, ಆದರೆ ರೇಡಿಯೋ ಕೋಡ್ ಇನ್ನೂ ಕೌಂಟಿಯದು. ಫಾರ್ಮರ್ಸ್‌ವಿಲ್ ಕಡೆ ಅಪಾಯವಿದ್ದರೂ ಫ್ರಿಸ್ಕೋ ಮನೆಯ ಸೆಟ್ ಕೂಗುತ್ತದೆ. ಕೂಗಿದ ಮೇಲೆ ಮಾತು ಕೇಳಿ, ಊರುಗಳ ಹೆಸರು ಹೇಳುತ್ತಾರೆ. ಲಿಟಲ್ ಎಲ್ಮ್, ದಿ ಕಾಲೊನಿ, ಪ್ರಾಸ್ಪರ್ ಎಂದರೆ ಅದು ನಿಮ್ಮ ಬಾಗಿಲಿಗೇ ಬಂದ ಮಾತು.

ಬೆಣ್ಣೆನಗರಿ:
ಹಿರಿಯರು ಮನೆಯಲ್ಲಿದ್ದಾರೆ ಎಂದಿರಿ, ಅದಕ್ಕಾಗಿ ಎರಡು ಮಾತು. ರೇಡಿಯೋ ಇಂಗ್ಲಿಷ್ ವೇಗದ್ದು, ಗಾಬರಿಯಲ್ಲಿ ಅರ್ಥವಾಗದೆ ಹೋಗಬಹುದು. ಡಬ್ಲ್ಯು.ಆರ್.120ರಂಥ ಸೆಟ್‌ನಲ್ಲಿ ಮೂರು ದೀಪ ಇರುತ್ತವೆ: ಕೆಂಪು ವಾರ್ನಿಂಗ್ (ಅಪಾಯ ಬಂದೇ ಬಿಟ್ಟಿದೆ), ಕಿತ್ತಳೆ ವಾಚ್ (ಬರಬಹುದು), ಹಳದಿ ಅಡ್ವೈಸರಿ (ಬರೀ ಸೂಚನೆ). ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಕನ್ನಡ ಚೀಟಿ ಅಂಟಿಸಿ. 'ಕೆಂಪು: ಈಗಲೇ ಮೆಟ್ಟಿಲಡಿಗೆ, ಆಮೇಲೆ ಫೋನ್ ಮಾಡಿ.' 'ಕಿತ್ತಳೆ: ಚಪ್ಪಲಿ, ಔಷಧಿ, ಕನ್ನಡಕ ಹತ್ತಿರ ಇಟ್ಟುಕೊಳ್ಳಿ.' 'ಹಳದಿ: ಗಾಬರಿ ಬೇಡ.' ಗುಡುಗುಮಳೆ ವಾರ್ನಿಂಗ್‌ಗೂ ಕೆಂಪೇ ಹತ್ತುತ್ತದೆ, ಆದರೂ ಅವರಿಗೆ ವಿಂಗಡಿಸುವ ಕೆಲಸ ಕೊಡಬೇಡಿ. ಕೆಂಪು ಎಂದರೆ ಒಳಗೆ ಹೋಗುವುದು. ಭಾರತದಲ್ಲಿ ಕೊಂಡ ಅವರ ಫೋನಿಗೆ ಇಲ್ಲಿಯ ಎಚ್ಚರಿಕೆ ಬಂದೇ ಬರುತ್ತದೆಂದು ನೆಚ್ಚಬೇಡಿ. ಒಬ್ಬರಿಗೆ ಕಿವಿ ಮಂದವಿದ್ದರೆ, ದಿಂಬಿನಡಿ ನಡುಗುವ ಸಾಧನ ಸಿಕ್ಕಿಸುವ ಜಾಕ್ ಇರುವ ಸೆಟ್ ಕೊಳ್ಳಿ.

ಊರಿಗೆ ಕಳಿಸುವ ವಿಚಾರ: ಬೇಡ. ಭಾರತದಲ್ಲಿ ಈ ಪ್ರಸಾರವೇ ಇಲ್ಲ, ಅಲ್ಲಿ ಅಲರ್ಟ್ ಗುಂಡಿಗೆ ಕೆಲಸವಿಲ್ಲ. ಚೀಲದ ಸೆಟ್‌ನಲ್ಲಿ ಎಫ್.ಎಂ. ಕೇಳಬಹುದು. ಎ.ಎಂ. ಮಾತ್ರ ಅಮೆರಿಕದಲ್ಲಿ ಹತ್ತು ಕಿಲೋಹರ್ಟ್ಸ್ ಅಂತರ, ನಮ್ಮಲ್ಲಿ ಒಂಬತ್ತು. ಬೆಂಗಳೂರು ಆಕಾಶವಾಣಿಯ 612ಕ್ಕೆ ಡಿಜಿಟಲ್ ಸೆಟ್ 610ರಲ್ಲೇ ನಿಲ್ಲುತ್ತದೆ, ಅಂತರ ಬದಲಿಸುವ ಆಯ್ಕೆ ಇಲ್ಲದಿದ್ದರೆ. ಊರಿನಲ್ಲಿ ಅವರ ಫೋನಿಗೆ 'ಸಚೇತ್' ಮತ್ತು ಸಿಡಿಲಿಗೆ 'ದಾಮಿನಿ' ಆ್ಯಪ್ ಹಾಕಿಕೊಡಿ.

ಫ್ರಿಸ್ಕೋ_ಪೂರ್ವ:
ಚೀಟಿಯ ಮಾತನ್ನು ಇವತ್ತೇ ಮಾಡುತ್ತೇನೆ. ಸಂಜೆ ಸೆಟ್ ತಂದು 162.400ಕ್ಕೆ ಇಟ್ಟು, ಎರಡು ಕೋಡ್ ಹಾಕಿ, ಬುಧವಾರದ ಟೆಸ್ಟ್ ದಾಖಲಾಯಿತೇ ಇಲ್ಲವೇ ಇಲ್ಲಿ ಬರೆಯುತ್ತೇನೆ.