ಡಿಕ್ಕಿಯಲ್ಲಿಟ್ಟು ಕೊಟ್ಟ ರೆಕ್ಕೆ: ನಮ್ಮ ಮನೆ ಗುಂಪಿನ ಜಗಳ

*(ಪುಟ್ಟ ಹಾಕಿದ ವಿಡಿಯೋ: 1994ರ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್, ವೋಲ್ವೊ 850 ಎಸ್ಟೇಟ್)*

ಪುಟ್ಟ: ಇದು ನಿಜಾನಾ? ಸಾಮಾನು ತುಂಬುವ ಉದ್ದ ಕಾರು, ಕರ್ಬ್ ಮೇಲೆ ಚಕ್ರ ಎತ್ತಿಕೊಂಡು ರೇಸ್ ಓಡುತ್ತಿದೆ 😂😂

ಮಾವ: ನಿಜಾನೇ ಕಣೋ. ಟಾಮ್ ವಾಕಿನ್‌ಶಾ ಅವರ ಟಿಡಬ್ಲ್ಯುಆರ್ ತಂಡ ವೋಲ್ವೊಗಾಗಿ ಕಟ್ಟಿದ್ದು. ಓಡಿಸಿದವರು ರಿಕರ್ಡ್ ರೈಡೆಲ್, ಯಾನ್ ಲ್ಯಾಮರ್ಸ್. ಬೇರೆ ತಂಡದವರು ಗೊಣಗಿದ್ದಕ್ಕೆ ಇವರು ಪೆರೇಡ್ ಸುತ್ತಿನಲ್ಲಿ ಹಿಂದುಗಡೆ ದೊಡ್ಡ ಗೊಂಬೆ ನಾಯಿ ಕೂರಿಸಿಕೊಂಡು ಬಂದಿದ್ದರು. ಎಂಥ ಚೆಂದದ ಸೀಸನ್ ಅದು. ಆಲ್ಫಾ ರೋಮಿಯೋದವರು ಬಂದು ಕೆಡಿಸಿದರು.

ಅಣ್ಣ: ಶುರುವಾಯಿತು. ಕೆಡಿಸಲಿಲ್ಲ ಮಾವ, ಗೆದ್ದರು. ಮೊದಲ ಐದು ರೇಸ್ ಆಲ್ಫಾದ್ದೇ.

ಮಾವ: ರೆಕ್ಕೆ ಕಟ್ಟಿಕೊಂಡು ಗೆದ್ದರು ಅಂತ ಪೂರ್ತಿ ಹೇಳು.

ಪುಟ್ಟ: ಯಾವ ರೆಕ್ಕೆ?

ನಾನು: ಪುಟ್ಟ, ಅದೇ ದೊಡ್ಡ ಕಥೆ. ಆಗ ಎಲ್ಲರಿಗೂ ಒಂದೇ ಲೆಕ್ಕ: 2 ಲೀಟರ್ ಎಂಜಿನ್, ಟರ್ಬೊ ಇಲ್ಲ, 8500 ಆರ್‌ಪಿಎಂ ದಾಟುವ ಹಾಗಿಲ್ಲ. ಕಾರಿನ ಹೊರ ಆಕಾರ ಶೋರೂಮಿನಲ್ಲಿ ಮಾರುವ ಕಾರಿನದ್ದೇ ಆಗಿರಬೇಕು. ಆದರೆ 2500 ಕಾರು ತಯಾರಿಸಿದರೆ ಆ ಮಾದರಿಯಲ್ಲಿರುವ ಸ್ಪಾಯ್ಲರ್ (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ಪಟ್ಟಿ) ರೇಸಿಗೂ ತರಬಹುದು. ಆಲ್ಫಾದವರು 155 ಸಿಲ್ವರ್‌ಸ್ಟೋನ್ ಅಂತ ಒಂದು ಮಾದರಿ ಮಾಡಿದರು. ಮುಂದಿನ ಸ್ಪಾಯ್ಲರ್ ಮುಂದಕ್ಕೆ ಎಳೆಯಬಹುದು, ಹಿಂದಿನ ರೆಕ್ಕೆ ಎತ್ತರಿಸುವ ತುಂಡುಗಳನ್ನು ಡಿಕ್ಕಿಯಲ್ಲಿಟ್ಟು ಕೊಟ್ಟರು. ರೇಸ್ ಕಾರಿನಲ್ಲಿ ಅವೆಲ್ಲ ಜೋಡಿಸಿಕೊಂಡೇ ಬಂದವು.

ಅಕ್ಕ: ಹಾಗಾದರೆ ಕಾರು ಕೊಂಡವರಿಗೆ ಆ ತುಂಡುಗಳು ಸಿಕ್ಕವು ತಾನೇ? ಮತ್ತೆ ಮೋಸ ಎಲ್ಲಿ ಬಂತು?

ಮಾವ: ನಿನ್ನ ಆಡಿಟ್ ಬುದ್ಧಿ ಇಲ್ಲಿ ತರಬೇಡಮ್ಮ. ಡಿಕ್ಕಿಯಲ್ಲಿ ಬಿದ್ದಿರುವ ಸಾಮಾನು ಕಾರಿನ ಆಕಾರ ಹೇಗಾಗುತ್ತದೆ? ನೋಡು, ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಮುಂದಿನ ಟೈರುಗಳಿಗೆ ಎರಡೂ ಕೆಲಸ, ಎಳೆಯುವುದೂ ಅವೇ, ತಿರುಗುವುದೂ ಅವೇ, ಅಂಥ ಕಾರಿನ ಮೂತಿಯನ್ನು ಗಾಳಿಯೇ ನೆಲಕ್ಕೆ ಒತ್ತಿ ಹಿಡಿದು, ಹಿಂದಿನ ರೆಕ್ಕೆ ಬಾಲ ಅಲುಗದ ಹಾಗೆ ನೋಡಿಕೊಂಡರೆ ವೇಗದ ತಿರುವಿನಲ್ಲಿ ಉಳಿದವರು ಏನು ಮಾಡಬೇಕು? ಫೋರ್ಡ್ ಮೊಂಡಿಯೊ, ವಾಕ್ಸ್‌ಹಾಲ್ ಕ್ಯಾವಲಿಯರ್, ರೆನೊ ಲಗೂನಾ ಯಾವುದಕ್ಕೂ ಅದು ಇರಲಿಲ್ಲ.

ಅಣ್ಣ: ಇರಲಿಲ್ಲ, ಯಾಕಂದರೆ ಅವರಿಗೆ ಹೊಳೆಯಲಿಲ್ಲ. ಸರಿ, ಒಂದು ಹೇಳಿ. ಬಿಎಂಡಬ್ಲ್ಯು ಎಂ3 ಸ್ಪೋರ್ಟ್ ಎವಲ್ಯೂಷನ್‌ಗೆ ಹಿಂದೆ ಮುಂದೆ ಹೊಂದಿಸುವ ಸ್ಪಾಯ್ಲರ್ ಇತ್ತು, 600 ಕಾರು ಮಾಡಿದರು. ಮರ್ಸಿಡಿಸ್ 190ರ ಎವೊ 2 ಬರೀ 502, ಅದರ ಹಿಂದಿನ ರೆಕ್ಕೆ ಫೋಟೊ ಹುಡುಕಿ ನೋಡಿ. ಅವು ಮಾಡಿದ್ದೂ ರೇಸಿಗೇ. ಆಗ ಯಾರಿಗೂ ಹೊಟ್ಟೆ ಉರಿಯಲಿಲ್ಲ.

ಮಾವ: ಅದು ಗ್ರೂಪ್ ಎ ಅನ್ನುವ ಹಳೆಯ ನಿಯಮದ ಕಾಲ. ಆ ಹುಚ್ಚು ಬೇಡ, ಮನೆ ಮುಂದೆ ನಿಲ್ಲಿಸುವ ಕಾರುಗಳೇ ಓಡಲಿ ಅಂತ ತಾನೇ ಈ 2 ಲೀಟರ್ ನಿಯಮ ತಂದಿದ್ದು?

ನಾನು: ಮಾವ, ಈ ಮಾತು ಒಪ್ಪುತ್ತೇನೆ. ಆದರೆ ದೂರಿದವರು ಯಾರು? ಫೋರ್ಡ್ ಕಡೆಯವರೂ ಇದ್ದರು. 1987ರಲ್ಲಿ ಸಿಯೆರಾ ಆರ್‌ಎಸ್500 ಮಾಡಿದ್ದು ಅದೇ ಫೋರ್ಡ್ ಅಲ್ವಾ? 500 ಕಾರು. ಅದರ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಹೆಚ್ಚುವರಿ ನಾಲ್ಕು ಇಂಜೆಕ್ಟರ್ ಕೂರಿಸಿ ಮಾರಿದರು, ರಸ್ತೆಯಲ್ಲಿ ಅವು ಕೆಲಸವೇ ಮಾಡುತ್ತಿರಲಿಲ್ಲ. ರೇಸಿಗೆ ಬಂದ ಮೇಲೆ ಮಾತ್ರ ಅವಕ್ಕೆ ಜೀವ. ಆ ಕಾರನ್ನು ಓಡಿಸಿದ ಆ್ಯಂಡಿ ರೌಸ್ 1994ರಲ್ಲಿ ಇದ್ದದ್ದು ಫೋರ್ಡ್ ಮೊಂಡಿಯೊ ತಂಡದಲ್ಲೇ.

ಅಣ್ಣ: 👏👏👏

ಮಾವ: ಚಪ್ಪಾಳೆ ಸಾಕು. ಒಬ್ಬ ಕದ್ದ ಅಂತ ಇನ್ನೊಬ್ಬ ಕದಿಯಬಹುದಾ?

ಪುಟ್ಟ: ಆಮೇಲೆ ಏನಾಯಿತು ಅದು ಹೇಳಿ

ಅಣ್ಣ: ದೂರು ಹೋಯಿತು, ಔಲ್ಟನ್ ಪಾರ್ಕ್ ಟ್ರ್ಯಾಕ್‌ಗೆ ಬಂದಾಗ ಜಗಳ ತಾರಕಕ್ಕೇರಿತು, ಆಲ್ಫಾದವರು ರೇಸ್ ಬಿಟ್ಟು ಗಂಟುಮೂಟೆ ಕಟ್ಟಿಕೊಂಡು ಹೊರಟೇ ಹೋದರು. ಆಮೇಲೆ ರೆಕ್ಕೆ ತಗ್ಗಿಸಿಕೊಂಡು ಮರಳಿ ಬಂದರು. ಆಲ್ಫಾದ ಡ್ರೈವರ್ ಗೇಬ್ರಿಯೆಲೆ ತಾರ್ಕ್ವಿನಿ ನಾಕ್‌ಹಿಲ್‌ನಲ್ಲಿ ಕಾರು ಪಲ್ಟಿ ಹೊಡೆಸಿದ. ಇಷ್ಟೆಲ್ಲ ಆಗಿಯೂ ಅವನೇ ಚಾಂಪಿಯನ್, 21 ರೇಸ್‌ನಲ್ಲಿ ಎಂಟು ಗೆಲುವು. ಎರಡನೆಯವನು ರೆನೊದ ಅಲೈನ್ ಮೆನು.

ಅಕ್ಕ: ಒಂದು ಅರ್ಥವಾಗಲಿಲ್ಲ. ವೋಲ್ವೊದವರೂ ಯಾರೂ ಊಹಿಸದ ಆಕಾರದ ಕಾರು ತಂದರು. ಅವರಿಗೆ ನಗು, ಇವರಿಗೆ ದೂರು. ಯಾಕೆ?

ನಾನು: ನಾನು ಹೇಳಬೇಕು ಅಂತಿದ್ದದ್ದೇ ಇದು ಅಕ್ಕ. ವೋಲ್ವೊ ಎಸ್ಟೇಟ್ ಇಡೀ ಸೀಸನ್‌ನಲ್ಲಿ ಐದನೇ ಸ್ಥಾನಕ್ಕಿಂತ ಮೇಲೆ ಬರಲಿಲ್ಲ, ರೈಡೆಲ್ ಕೊನೆಗೆ 14ನೆಯವನು. ಸೋಲುವ ಜಾಣತನ ಎಲ್ಲರಿಗೂ ಇಷ್ಟ. ಅದೇ ಉದ್ದ ಚಾವಣಿಯಿಂದ ವೋಲ್ವೊ ಮೊದಲ ಐದು ರೇಸ್ ಗೆದ್ದಿದ್ದರೆ ನಾಯಿ ಗೊಂಬೆ ಮೇಲೂ ದೂರು ಬರುತ್ತಿತ್ತು.

ಮಾವ: ಮಾತು ಚೆನ್ನಾಗಿದೆ, ಆದರೆ ತಪ್ಪು. ವೋಲ್ವೊ ಎಸ್ಟೇಟ್ ಹೇಗೆ ಮಾರುತ್ತಿದ್ದರೋ ಹಾಗೇ ಓಡಿತು. ಏನನ್ನೂ ಡಿಕ್ಕಿಯಲ್ಲಿ ಬಚ್ಚಿಡಲಿಲ್ಲ. ಇನ್ನು ರೆಕ್ಕೆಯ ಮಹಿಮೆ ಗೊತ್ತಾಗಬೇಕಾ, 1995 ನೋಡು. ಎಲ್ಲರಿಗೂ ರೆಕ್ಕೆ ಕೊಟ್ಟರು. ಆಲ್ಫಾ ಏನಾಯಿತು? ಫಾರ್ಮುಲಾ 1 ಓಡಿಸಿದ ಡೆರೆಕ್ ವಾರಿಕ್‌ನನ್ನು ಕೂರಿಸಿಯೂ ಎಲ್ಲೂ ಕಾಣಲಿಲ್ಲ. ಕಾರು ಅಷ್ಟು ಚೆನ್ನಾಗಿದ್ದರೆ ಒಂದೇ ವರ್ಷಕ್ಕೆ ಮಾಯವಾಗುತ್ತಾ?

ಅಣ್ಣ: ಬೇರೆಯವರು ದುಡ್ಡು ಸುರಿದರು ಮಾವ, ಇವರು ಹಿಂದೆ ಬಿದ್ದರು. ಅದಕ್ಕೆ ತಾರ್ಕ್ವಿನಿಯನ್ನು ಸಣ್ಣವನು ಮಾಡಬೇಡಿ. 2009ರಲ್ಲಿ 47ನೇ ವಯಸ್ಸಿಗೆ ಸಿಯಾಟ್‌ನಲ್ಲಿ ವರ್ಲ್ಡ್ ಟೂರಿಂಗ್ ಕಾರ್ ಚಾಂಪಿಯನ್. 2018ರಲ್ಲಿ 56ಕ್ಕೆ ಹ್ಯುಂಡೈನಲ್ಲಿ ವರ್ಲ್ಡ್ ಟೂರಿಂಗ್ ಕಾರ್ ಕಪ್ (ಡಬ್ಲ್ಯುಟಿಸಿಆರ್) ಪಟ್ಟ.

ಮಾವ: ತಾರ್ಕ್ವಿನಿ ಬಗ್ಗೆ ನಾನೆಲ್ಲಿ ಮಾತಾಡಿದೆ? ಅವನು ದೊಡ್ಡ ಡ್ರೈವರ್. ನಾನು ಬೈದಿದ್ದು ತಂಡಕ್ಕೆ.

ಅಕ್ಕ: ನನಗೆ ಕೇಳಿದರೆ ತಂಡಕ್ಕೂ ಬೈಯಬಾರದು. ಆ 2500ರ ಲೆಕ್ಕಕ್ಕೆ ವಿಶ್ವ ಮೋಟಾರ್ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಮೊಹರು ಒತ್ತಿತ್ತು ತಾನೇ? ಒತ್ತುವ ಮೊದಲು ಡಿಕ್ಕಿ ತೆಗೆದು ನೋಡಬೇಕಿತ್ತು. ಒಪ್ಪಿಗೆ ಕೊಟ್ಟು, ಗೆಲ್ಲುವ ತನಕ ಸುಮ್ಮನಿದ್ದು, ಸೀಸನ್ ಮಧ್ಯೆ ನಿಯಮಕ್ಕೆ ಹೊಸ ಅರ್ಥ ಹೇಳಿದರೆ ನಮ್ಮ ಆಫೀಸಿನಲ್ಲಿ ಅದಕ್ಕೆ ಬೇರೆ ಹೆಸರಿದೆ.

ನಾನು: ಅಕ್ಕ ಹೇಳಿದ್ದು ಸರಿ. ಮಾಡಿದ ಪರಿಹಾರವೂ ದುಬಾರಿಯಾಯಿತು ನೋಡಿ. ರೆಕ್ಕೆ ಬೇಡ ಅನ್ನಬಹುದಿತ್ತು, ಎಲ್ಲರಿಗೂ ಇರಲಿ ಅಂದರು. ವೋಲ್ವೊ 1995ಕ್ಕೇ ಎಸ್ಟೇಟ್ ಬಿಟ್ಟು ಸೆಡಾನ್‌ಗೆ ಬಂತು, ರೈಡೆಲ್ 1998ರಲ್ಲಿ ಎಸ್40 ಓಡಿಸಿ ಗೆದ್ದ, ಅದೇನೋ ಸರಿ. ಆದರೆ ಗಾಳಿ ಸುರಂಗ, ಪರೀಕ್ಷೆ, ಬಿಡಿಭಾಗ ಅಂತ ಖರ್ಚು ಏರುತ್ತಲೇ ಹೋಗಿ ಕಂಪನಿಗಳು ಒಂದೊಂದಾಗಿ ಕಳಚಿಕೊಂಡವು. 2000ಕ್ಕೆ ಉಳಿದದ್ದು ಮೂರೇ: ಫೋರ್ಡ್, ಹೋಂಡಾ, ವಾಕ್ಸ್‌ಹಾಲ್. 2001ರಿಂದ ಕಡಿಮೆ ಖರ್ಚಿನ ಹೊಸ ನಿಯಮ ತರಬೇಕಾಯಿತು.

ಮಾವ: ನೋಡಿದೆಯಾ, ಕೊನೆಗೆ ನೀನೇ ಒಪ್ಪಿಕೊಂಡೆ. ರೆಕ್ಕೆ ಶುರು ಮಾಡಿದವರು ಯಾರು?

ಅಣ್ಣ: ಮೊದಲು ರೆಕ್ಕೆ ಹಾಕಿದ್ದು ಆಲ್ಫಾ. ಎಲ್ಲರಿಗೂ ಹಾಕಿಸಿದ್ದು ದೂರು ಕೊಟ್ಟವರು. ಅಷ್ಟು ವ್ಯತ್ಯಾಸ ಇರಲಿ ಮಾವ.

ಮಾವ: ನಿನ್ನ ಜೊತೆ ವಾದ ಮಾಡುವುದಕ್ಕಿಂತ ಆಲ್ಫಾ ಗಾಡಿ ರಿಪೇರಿ ಮಾಡಿಸುವುದು ಸುಲಭ.