ಸಹಾಯ ಬೇಕು: ಎಪಿಟಲಾನ್ ಪ್ರಯೋಗಕ್ಕೆ ಯಾವ ಕಂಟ್ರೋಲ್ ಇಡಬೇಕು?

ನಮಸ್ಕಾರ. ಸೆಲ್ ಕಲ್ಚರ್ ಮಾಡುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ಎಪಿಟಲಾನ್ ನಾಲ್ಕೇ ಅಮೈನೋ ಆಸಿಡ್‌ಗಳ ಪುಟ್ಟ ಪೆಪ್ಟೈಡ್. ಇದು ಮನುಷ್ಯರ ಫೈಬ್ರೋಬ್ಲಾಸ್ಟ್‌ಗಳಲ್ಲಿ (ಸಂಯೋಜಕ ಅಂಗಾಂಶದ ಕೋಶಗಳು) ಟೆಲೋಮರೇಸ್ ಎಂಬ ಕಿಣ್ವವನ್ನು ಎಬ್ಬಿಸಿ ಟೆಲೋಮಿಯರ್ (ಕ್ರೋಮೋಸೋಮ್‌ಗಳ ತುದಿ) ಉದ್ದ ಮಾಡುತ್ತದೆ ಎಂದು ರಷ್ಯಾದ ಖವಿನ್ಸನ್ ತಂಡ 2003ರಲ್ಲಿ ಬರೆದಿತ್ತು. ಈ ಕೋಶಗಳಲ್ಲಿ ಆ ಕಿಣ್ವ ಸಾಮಾನ್ಯವಾಗಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ನನಗೆ ಅನುಮಾನ ಜಾಸ್ತಿ, ಅದಕ್ಕೇ ನಾನೇ ನೋಡಬೇಕು ಅಂತ.

ನಮ್ಮ ಪೆಪ್ಟೈಡ್ ಬಂದಿರುವುದು ಟಿಎಫ್ಎ (ಟ್ರೈಫ್ಲೂರೋಅಸಿಟೇಟ್) ಲವಣವಾಗಿ, ಆ ಲವಣವೇ ಕೋಶಗಳ ಮೇಲೆ ಪರಿಣಾಮ ಬೀರಬಹುದು. ಕಂಟ್ರೋಲ್‌ಗೆ ಸುಮ್ನೆ ಬಫರ್ ಹಾಕಿದರೆ ಸಾಕಾ? ಅದೇ ಅಮೈನೋ ಆಸಿಡ್‌ಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ, ಅದೇ ಲವಣದ ಪೆಪ್ಟೈಡ್ ಇದ್ದರೇ ಸರಿ ಅಲ್ವಾ? ಟೆಲೋಮರೇಸ್ ಚಟುವಟಿಕೆ ಅಳೆಯುವ ಟ್ರ್ಯಾಪ್ ಪರೀಕ್ಷೆಗೆ ಹೀಲಾ ಕೋಶಗಳು (ಈ ಕಿಣ್ವ ಇರುವ ಕ್ಯಾನ್ಸರ್ ಕೋಶಗಳು) ಮತ್ತು ಕಾಯಿಸಿದ ಲೈಸೇಟ್ (ಕಿಣ್ವ ಕೆಲಸ ಮಾಡದ, ಒಡೆದ ಕೋಶಗಳ ದ್ರವ) ಇಟ್ಟುಕೊಂಡಿದ್ದೇವೆ, ಅದರ ಚಿಂತೆಯಿಲ್ಲ.

ತಲೆನೋವು ಟೆಲೋಮಿಯರ್ ಉದ್ದ ಅಳೆಯುವುದು. ಒಂದು ವಿಭಜನೆಗೆ ಟೆಲೋಮಿಯರ್ ಸುಮಾರು 50ರಿಂದ 100 ಬೇಸ್ ಜೋಡಿ ಸವೆಯುತ್ತದೆ. ಕ್ಯೂಪಿಸಿಆರ್ (ಡಿಎನ್‌ಎ ನಕಲು ಮಾಡಿ ಅದರ ಪ್ರಮಾಣ ಅಳೆಯುವ ವಿಧಾನ) ಕೊಡುವುದು ಬರೀ ಸರಾಸರಿ, ಇಷ್ಟು ಸಣ್ಣ ವ್ಯತ್ಯಾಸ ಅದರ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ಎಷ್ಟು ಡಬ್ಲಿಂಗ್ (ಕೋಶಗಳ ಸಂಖ್ಯೆ ಇಮ್ಮಡಿಯಾಗುವುದು) ಕಾದು ಅಳೆಯುತ್ತೀರಿ? ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ನೋಡುವ ಸದರ್ನ್ ಬ್ಲಾಟ್‌ಗೆ ಹೋಗುವುದೇ ವಾಸಿಯಾ?

ಇಂಜೆಕ್ಷನ್ ಎಲ್ಲಿ ಸಿಗುತ್ತದೆ ಎಂದು ದಯವಿಟ್ಟು ಕೇಳಬೇಡಿ. ಇದು ಪ್ಲೇಟಿನಲ್ಲಿರುವ ಕೋಶಗಳ ವಿಷಯ ಅಷ್ಟೇ.