ಟೂರಿಸಂ ಓದಿ ರಾಫ್ಟಿಂಗ್ ಕೆಲಸಕ್ಕೆ ಹೋಗಬಹುದಾ?

ಕಾರವಾರದವಳು: ಪದವಿ ಕೊನೇ ವರ್ಷ, ಟೂರಿಸಂ. ಟಿಕೆಟ್ ಬುಕಿಂಗ್, ಹೋಟೆಲ್ ಅಂತಲೇ ಎಲ್ಲಾ ಪಾಠ ಮುಗೀತು. ನನಗೆ ನೀರಿನ ಕೆಲಸವೇ ಬೇಕು, ರಾಫ್ಟಿಂಗ್ ಇಲ್ಲಾ ಡೈವಿಂಗ್. ಅಮ್ಮ "ಅದೂ ಒಂದು ಕೆಲಸವಾ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಗಣೇಶಗುಡಿ ಗೈಡ್: ಈಜು ಬರುತ್ತಾ ತಂಗಿ? ಈಜುಕೊಳದ್ದಲ್ಲ, ಹರಿಯುವ ನೀರಿನದ್ದು. ಇಲ್ಲಿ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ನಂಬಿ, ಹಾಗಾಗಿ ನೀರು ಓದುವುದೇ, ಅಂದರೆ ಹರಿವು ನೋಡಿ ಅಂದಾಜು ಮಾಡುವುದೇ, ಅರ್ಧ ಕೆಲಸ. ನಾನು ಮೊದಲ ತಿಂಗಳು ಪೂರ್ತಿ ಹಗ್ಗದ ಚೀಲ ಎಸೆದದ್ದೇ. ಹಗ್ಗ ನೀರಿಗೆ ಬಿದ್ದವರ ಕೈಗೆ ಸಿಗಬೇಕು, ಮೂತಿಗೆ ಬಡಿಯಬಾರದು! ಲೈಫ್ ಜಾಕೆಟ್ ಹಾಕಿಸಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿ ತನಕ ಬಂದರೆ ಸಡಿಲ ಅಂತ ಅರ್ಥ.

ಮುರ್ಡೇಶ್ವರದಿಂದ: ಡೈವಿಂಗ್ ಆದರೆ ನಮ್ಮ ಹತ್ತಿರ ನೇತ್ರಾಣಿ ದ್ವೀಪ ಇದೆಯಲ್ವಾ. ಪಾಡಿ (PADI, ಡೈವಿಂಗ್ ತರಬೇತಿ ಸಂಸ್ಥೆ) ಅವರ ಓಪನ್ ವಾಟರ್ ಅನ್ನುವ ಮೊದಲ ಹಂತದ ಕೋರ್ಸ್ ಮುಗಿಸಿದರೆ 18 ಮೀಟರ್ ಆಳದವರೆಗೆ ಇಳಿಯಬಹುದು, ಆದರೆ ಅದರಿಂದ ಕೆಲಸ ಸಿಗಲ್ಲ. ಡೈವ್‌ಮಾಸ್ಟರ್ (ಬೇರೆ ಡೈವರುಗಳನ್ನು ನೀರೊಳಗೆ ಕರೆದೊಯ್ಯುವವರ ಹಂತ) ತನಕ ಹೋಗಬೇಕು, ಖರ್ಚು ಜಾಸ್ತಿ. ಮಳೆಗಾಲದಲ್ಲಿ ದೋಣಿಯೇ ಹೊರಡಲ್ಲ, ಆ ತಿಂಗಳುಗಳ ಊಟಕ್ಕೆ ಬೇರೆ ದಾರಿ ನೋಡಿಟ್ಟುಕೊಳ್ಳಿ.

ಶಿರಸಿ ಮೇಷ್ಟ್ರು: ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ನಿಮಗೆ ದೂರವೇನಲ್ಲ. ಜೀವರಕ್ಷಕರ ಕೋರ್ಸ್ ಬಗ್ಗೆ ಕೇಳಿ.

ಕಾರವಾರದವಳು: ಅಮ್ಮನಿಗೆ ಓದಿ ಹೇಳಿದೆ, ಮೂತಿಗೆ ಬಡಿಯೋದು ಕೇಳಿ ನಕ್ಕುಬಿಟ್ಟರು. ನಾಳೆ ಗೋವಾಕ್ಕೆ ಫೋನ್ ಮಾಡುತ್ತೇನೆ.